‘ನಾಳೆ ರಜೆಯಂತೆ, ಹೌದಾ?’: ಜಾಲತಾಣ, ಕೃತಕ ಬುದ್ಧಿಮತ್ತೆ ಮತ್ತು ಕರಾವಳಿಯ ನಂಬಿಕೆ

ಜುಲೈ ತಿಂಗಳ ಒಂದು ರಾತ್ರಿ, ಉಡುಪಿಯ ನಮ್ಮ ಮನೆಯ ಹಂಚಿನ ಮೇಲೆ ಮಳೆ ಬಿಡದೆ ಸುರಿಯುತ್ತಿದ್ದಾಗ, ಮಗಳ ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿಗೆ ಜಿಲ್ಲಾಧಿಕಾರಿಯವರ ಆದೇಶವೊಂದು ಬಂತು. ಭಾರೀ ಮಳೆಯ ಮುನ್ಸೂಚನೆ ಇರುವುದರಿಂದ ಅಂಗನವಾಡಿಯಿಂದ ಪದವಿಪೂರ್ವ ಕಾಲೇಜಿನವರೆಗೆ ಮರುದಿನ ರಜೆ ಎಂದು ಅದರಲ್ಲಿತ್ತು. ಲಾಂಛನ, ಕಡತದ ಸಂಖ್ಯೆ, ಸಹಿ, ಮೊಹರು ಎಲ್ಲವೂ ಇದ್ದವು. ಐದು ನಿಮಿಷದೊಳಗೆ ಅದೇ ಆದೇಶ ನೆರೆಕರೆಯವರ ಗ್ರೂಪಿಗೂ ಭಜನಾ ಮಂಡಳಿಯ ಗ್ರೂಪಿಗೂ ಬಂದು ಬಿತ್ತು. ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಾಗ ದಿನಾಂಕದ ಅಂಕೆಗಳು ಮಾತ್ರ ಉಳಿದ ಅಕ್ಷರಗಳಿಗಿಂತ ತುಸು ದಪ್ಪವಾಗಿದ್ದು, ಸಾಲಿಗಿಂತ ಕೂದಲೆಳೆಯಷ್ಟು ಮೇಲೆ ಕುಳಿತಿರುವುದು ಕಂಡಿತು. ಹಿಂದಿನ ವರ್ಷದ ಆದೇಶಕ್ಕೆ ಯಾರೋ ಹೊಸ ತಾರೀಕು ಅಂಟಿಸಿದ್ದರು.

ನಕಲಿ ರಜೆ ಆದೇಶ ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡೂ ಜಿಲ್ಲೆಗಳಿಗೆ ಹೊಸದಲ್ಲ, ಮಳೆಗಾಲದಲ್ಲಿ ಅದು ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ನನ್ನ ಗಮನ ಸೆಳೆದದ್ದು ಅದರ ಕೆಳಗಿದ್ದ ಮಾತು. ಆದೇಶವನ್ನು ಗ್ರೂಪಿಗೆ ಹಾಕಿದವರೇ ಅದರ ಬೆನ್ನಿಗೆ ‘ನಾಳೆ ರಜೆಯಂತೆ, ಹೌದಾ ಮಾರಾಯ್ರೆ?’ ಎಂದು ಕೇಳಿದ್ದರು. ಅಂದರೆ ಅವರು ಅದನ್ನು ಹಂಚಿದ್ದೂ ನಿಜ, ನಂಬದೇ ಇದ್ದುದೂ ನಿಜ. ಸಾಮಾಜಿಕ ಜಾಲತಾಣ ಮತ್ತು ಕೃತಕ ಬುದ್ಧಿಮತ್ತೆಯ (ಎಐ) ಬಗ್ಗೆ ಜನರ ಮನೋಭಾವ ಏನು ಎಂದು ಕೇಳುವವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಬಳಕೆ ಹೆಚ್ಚಿದರೆ ನಂಬಿಕೆ ಹೆಚ್ಚಿದೆ ಎಂದು ಅವರು ಲೆಕ್ಕ ಹಾಕುತ್ತಾರೆ. ಭಯ ವ್ಯಕ್ತವಾದರೆ ಬಳಕೆ ಕಡಿಮೆಯಾಗುತ್ತದೆ ಎಂದು ನಿರೀಕ್ಷಿಸುತ್ತಾರೆ. ಎರಡೂ ಆಗುವುದಿಲ್ಲ. ಹೇಳಿದ ಮಾತಿಗೆ ಯಾರು ಹೊಣೆ, ಅದನ್ನು ಪರೀಕ್ಷಿಸುವ ದಾರಿ ಯಾವುದು ಎಂಬ ಎರಡು ಪ್ರಶ್ನೆಗಳನ್ನು ಜೊತೆಗಿಟ್ಟುಕೊಂಡು ನೋಡಿದರೆ ಮಾತ್ರ ಜನರ ನಡವಳಿಕೆ ಅರ್ಥವಾಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಸಮೀಕ್ಷೆಗಳನ್ನು ನೋಡೋಣ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು ಅಲ್ಲಿನ ವಯಸ್ಕರನ್ನು ಕೇಳಿದಾಗ, ದಿನನಿತ್ಯದ ಬದುಕಿನಲ್ಲಿ ಎಐ ಹೆಚ್ಚುತ್ತಿರುವುದು ತಮಗೆ ಉತ್ಸಾಹಕ್ಕಿಂತ ಹೆಚ್ಚು ಆತಂಕ ತಂದಿದೆ ಎಂದವರು 2021ರಲ್ಲಿ ಶೇ. 37 ಇದ್ದರು, 2023ರಲ್ಲಿ ಅವರ ಪ್ರಮಾಣ ಶೇ. 52ಕ್ಕೆ ಏರಿತು. ಈ ಎರಡು ವರ್ಷಗಳ ನಡುವೆ, 2022ರ ನವೆಂಬರ್ 30ರಂದು, ಚಾಟ್‌ಜಿಪಿಟಿ ಬಿಡುಗಡೆಯಾಗಿತ್ತು. ಎಐ ಸಾಮಾನ್ಯರ ಕೈಗೆ ಬಂದ ಮೇಲೆ ಆತಂಕ ಇಳಿಯಲಿಲ್ಲ, ಏರಿತು. ಅದೇ ಕೇಂದ್ರ 2025ರಲ್ಲಿ ಪ್ರಕಟಿಸಿದ ಮತ್ತೊಂದು ಹೋಲಿಕೆ ಇನ್ನಷ್ಟು ಯೋಚಿಸುವಂಥದ್ದು: ಮುಂದಿನ 20 ವರ್ಷಗಳಲ್ಲಿ ಎಐ ಅಮೆರಿಕಕ್ಕೆ ಒಳಿತು ಮಾಡುತ್ತದೆ ಎಂದ ತಜ್ಞರು ಶೇ. 56, ಹಾಗೆಂದ ಜನಸಾಮಾನ್ಯರು ಶೇ. 17 ಮಾತ್ರ. ಏಷ್ಯಾದ ಚಿತ್ರ ಬೇರೆ. ಇಪ್ಸೋಸ್ ಸಂಸ್ಥೆಯ ಸಮೀಕ್ಷೆಯನ್ನು ಆಧರಿಸಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 2025ರ ಎಐ ವರದಿ ಕೊಟ್ಟ ಅಂಕಿಗಳಂತೆ, ಎಐ ಇರುವ ಉತ್ಪನ್ನಗಳಿಂದ ಹಾನಿಗಿಂತ ಲಾಭವೇ ಹೆಚ್ಚು ಎಂದವರು ಚೀನಾದಲ್ಲಿ ಶೇ. 83, ಇಂಡೊನೇಷ್ಯಾದಲ್ಲಿ ಶೇ. 80 ಇದ್ದರೆ, ಕೆನಡಾದಲ್ಲಿ ಶೇ. 40, ಅಮೆರಿಕದಲ್ಲಿ ಶೇ. 39.

ಭಾರತದ ವಿಷಯದಲ್ಲಿ ಇಂಥ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ತನ್ನ ಭಾರತದ ಮಾದರಿಯಲ್ಲಿ ನಗರವಾಸಿಗಳು, ಹೆಚ್ಚು ಓದಿದವರು, ಅನುಕೂಲಸ್ಥರು ಹೆಚ್ಚಿರುತ್ತಾರೆ ಎಂದು ಇಪ್ಸೋಸ್ ತಾನೇ ಬರೆಯುತ್ತದೆ. ಮಂಗಳೂರಿನ ದಕ್ಕೆಯಲ್ಲಿ ಮೀನು ಆಯುವ ಹೆಂಗಸಿನ ಕೈಯಲ್ಲೂ ಇಂದು ಸ್ಮಾರ್ಟ್‌ಫೋನ್ ಇದೆ. ಆದರೆ ಆಕೆಯ ಅಭಿಪ್ರಾಯ ಆ ಶೇಕಡಾವಾರಿನೊಳಗೆ ಸೇರಿರುವ ಸಾಧ್ಯತೆ ತೀರ ಕಡಿಮೆ.

ಸಮೀಕ್ಷೆಗೆ ಸಿಗದ ಇನ್ನೊಂದು ಸಂಗತಿಯಿದೆ. ಜಾಲತಾಣದಿಂದ ಯಾರಿಗೆ ಹಾನಿ ಎಂದು ನಮ್ಮೂರಲ್ಲಿ ಕೇಳಿ ನೋಡಿ. ಹಿರಿಯರು ಮಕ್ಕಳತ್ತ ಬೆರಳು ತೋರಿಸಿ ರೀಲ್ಸ್ ನೋಡಿ ಹಾಳಾಗುತ್ತಿದ್ದಾರೆ ಎನ್ನುತ್ತಾರೆ. ಮಕ್ಕಳು ಹಿರಿಯರತ್ತ ತೋರಿಸಿ, ಬಂದದ್ದನ್ನೆಲ್ಲ ನಂಬಿ ಫಾರ್ವರ್ಡ್ ಮಾಡುತ್ತಾರೆ ಎನ್ನುತ್ತಾರೆ. ನನಗೇ ಹಾನಿಯಾಗಿದೆ ಎನ್ನುವವರು ಅಪರೂಪ. ಅಮೆರಿಕದ ಸಮಾಜವಿಜ್ಞಾನಿ ಡಬ್ಲ್ಯು. ಫಿಲಿಪ್ಸ್ ಡೇವಿಸನ್ 1983ರಲ್ಲಿ ಈ ಪ್ರವೃತ್ತಿಯನ್ನು ಗುರುತಿಸಿ ಅದಕ್ಕೆ ‘ಮೂರನೆಯ ವ್ಯಕ್ತಿಯ ಪರಿಣಾಮ’ ಎಂಬ ಹೆಸರು ಕೊಟ್ಟರು. ಮಾಧ್ಯಮದ ಪ್ರಭಾವ ನನ್ನ ಮೇಲೂ ನಿಮ್ಮ ಮೇಲೂ ಅಷ್ಟಾಗಿ ಇಲ್ಲ, ಬೇರೆ ಯಾರ ಮೇಲೋ ಇದೆ ಎಂದು ಮನುಷ್ಯ ಸಹಜವಾಗಿ ಭಾವಿಸುತ್ತಾನೆ ಎಂಬುದು ಅದರ ತಿರುಳು. ಮಕ್ಕಳ ಮೊಬೈಲ್ ಬಳಕೆಗೆ ಕಟ್ಟುನಿಟ್ಟಿನ ಕಾನೂನು ಬೇಕೆನ್ನುವವರೇ ರಾತ್ರಿ ಹನ್ನೊಂದರವರೆಗೆ ಹಾಸಿಗೆಯಲ್ಲಿ ಪರದೆ ಸರಿಸುತ್ತಿರುವುದಕ್ಕೆ ಕಾರಣ ಕಪಟವಲ್ಲ; ತಮ್ಮ ಮೇಲಾಗುವ ಪ್ರಭಾವ ಅವರಿಗೆ ಕಾಣುವುದೇ ಇಲ್ಲ.

ಆ ಪ್ರಭಾವ ಕೆಲಸ ಮಾಡುವ ರೀತಿ ಮಾತ್ರ ಸರಳವಾಗಿದೆ. ಯೂಟ್ಯೂಬ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳಲ್ಲಿ ಯಾವುದು ಮೊದಲು ಕಾಣಬೇಕೆಂದು ತೀರ್ಮಾನಿಸುವುದು ಒಂದು ಅಂದಾಜಿನ ಲೆಕ್ಕ. ನೀವು ಈ ಹಿಂದೆ ಎಲ್ಲಿ ಎಷ್ಟು ಹೊತ್ತು ನಿಂತಿರಿ, ಏನನ್ನು ಒತ್ತಿದಿರಿ, ಯಾವುದನ್ನು ಅರ್ಧಕ್ಕೆ ಬಿಟ್ಟಿರಿ ಎಂಬುದರ ಮೇಲೆ, ಮುಂದಿನ ಯಾವ ವಿಡಿಯೊ ನಿಮ್ಮನ್ನು ಹೆಚ್ಚು ಹೊತ್ತು ಹಿಡಿದಿಡಬಹುದು ಎಂಬ ಅಂದಾಜು. 2012ರಲ್ಲಿ ಯೂಟ್ಯೂಬ್ ಕ್ಲಿಕ್ಕುಗಳ ಸಂಖ್ಯೆಯ ಬದಲು ನೋಡಿದ ಸಮಯಕ್ಕೆ ಮಹತ್ವ ಕೊಡಲು ಆರಂಭಿಸಿತು. ವಿಷಯ ಸತ್ಯವೇ ಅಲ್ಲವೇ ಎಂಬುದು ಆ ಅಂದಾಜಿನ ಮೂಲ ಪ್ರಶ್ನೆಯಲ್ಲ. ಅದರೊಟ್ಟಿಗೆ ಮನುಷ್ಯರ ಸ್ವಭಾವವೂ ಸೇರುತ್ತದೆ. ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ನಿಜ ಸುದ್ದಿಗಿಂತ ಶೇ. 70ರಷ್ಟು ಹೆಚ್ಚು ಎಂದು ತೋರಿಸಿತು. ಇದಕ್ಕೆ ಮುಖ್ಯ ಕಾರಣ ಯಂತ್ರಗಳಲ್ಲ, ಮನುಷ್ಯರೇ. ಸುಳ್ಳಿನಲ್ಲಿ ಹೊಸತನವೂ ಅಚ್ಚರಿಯೂ ಹೆಚ್ಚು.

ವಾಟ್ಸ್‌ಆ್ಯಪ್‌ನ ಕಥೆ ಬೇರೆ, ಮತ್ತು ನಮಗೆ ಹೆಚ್ಚು ಸಂಬಂಧಿಸಿದ್ದು. ಅಲ್ಲಿ ಗ್ರೂಪಿನ ಸಂದೇಶಗಳನ್ನು ಆಯ್ದು ಕೊಡುವ ಲೆಕ್ಕವಿಲ್ಲ. ಬಂದ ಕ್ರಮದಲ್ಲಿಯೇ ಅವು ಕಾಣುತ್ತವೆ. ಅಲ್ಲಿ ಕೆಲಸ ಮಾಡುವುದು ಕಳಿಸಿದವರ ಮುಖ. ನಮ್ಮ ದೊಡ್ಡಮ್ಮನಿಗೆ ಬರುವ ಔಷಧದ ಸಲಹೆ ಯಾವುದೋ ಅಪರಿಚಿತ ಸಂಸ್ಥೆಯಿಂದ ಬಂದಂತೆ ತೋರುವುದಿಲ್ಲ. ಮುಂಬಯಿಯಲ್ಲಿರುವ ನಾದಿನಿ ಕಳಿಸಿದ್ದು, ಹಾಗಾಗಿ ಒಳ್ಳೆಯದೇ ಇರಬೇಕು ಎಂದು ತೋರುತ್ತದೆ. ನಾದಿನಿಯ ಮೇಲಿನ ನಲವತ್ತು ವರ್ಷದ ನಂಬಿಕೆ ಯಾರೋ ಬರೆದ ನಾಲ್ಕು ಸಾಲಿಗೆ ವರ್ಗವಾಗುತ್ತದೆ, ನಾದಿನಿ ಅದನ್ನು ಓದಿಯೇ ಇರದಿದ್ದರೂ. ಹಲವು ಕೈ ದಾಟಿ ಬಂದ ಸಂದೇಶದ ತಲೆಯ ಮೇಲೆ ಎರಡು ಬಾಣದ ಗುರುತು ಇರುತ್ತದೆ. ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಕಳಿಸಬಹುದೆಂಬ ಮಿತಿ 2018ರಲ್ಲಿ ಮೊದಲು ಬಂದದ್ದು ಭಾರತದಲ್ಲಿಯೇ. 2020ರ ಏಪ್ರಿಲ್‌ನಲ್ಲಿ, ಹಲವು ಬಾರಿ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದೆಂದಾಯಿತು. ಆ ಎರಡು ಬಾಣದ ಅರ್ಥವನ್ನು ದೊಡ್ಡಮ್ಮನಿಗೆ ನಾನು ಹೇಳಿಕೊಟ್ಟದ್ದು ಕಳೆದ ವರ್ಷ; ಅದಕ್ಕಿಂತ ಮೊದಲು ಬಹಳ ಜನ ಮೆಚ್ಚಿದ್ದಾರೆ ಎಂಬ ಪ್ರಶಸ್ತಿಯ ಗುರುತು ಎಂದೇ ಅವರು ತಿಳಿದಿದ್ದರು.

ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರ ಜುಲೈ 1ರಂದು ಹೊರಟದ್ದು ಈ ನೆಲದಿಂದಲೇ. ಅದನ್ನು ತಂದವರು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಎಂಬುದು ಎಲ್ಲರಿಗೂ ತಿಳಿದಿತ್ತು. ಮುಂದೆ 1867ರ ಕಾನೂನು ಮುದ್ರಕ, ಪ್ರಕಾಶಕರ ಹೆಸರು ಅಚ್ಚಾಗುವುದನ್ನೇ ಕಡ್ಡಾಯ ಮಾಡಿತು. ಪತ್ರಿಕೆಯಲ್ಲಿ ತಪ್ಪು ಬಂದರೆ ಯಾರ ಮನೆಯ ಬಾಗಿಲು ತಟ್ಟಬೇಕು ಎಂಬುದು ಓದುಗನಿಗೆ ಗೊತ್ತಿತ್ತು. ಫಾರ್ವರ್ಡ್ ಆಗಿ ಬಂದ ಸಂದೇಶಕ್ಕೆ ತಟ್ಟಲು ಬಾಗಿಲೇ ಇಲ್ಲ.

ಹೊಣೆ ಮತ್ತು ನಂಬಿಕೆಯ ನಂಟನ್ನು ಕರಾವಳಿಯವರಿಗೆ ಬೇರೆಯವರು ವಿವರಿಸಬೇಕಾಗಿಲ್ಲ. ಇದು ಬ್ಯಾಂಕುಗಳು ಹುಟ್ಟಿದ ಊರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿಯೇ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದವು. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯನ್ನೂ ಕಟ್ಟಬಹುದಿತ್ತು. ಪಿಗ್ಮಿ ಸಂಗ್ರಹಿಸುವವರು ಪ್ರತಿದಿನ ಅದೇ ಹೊತ್ತಿಗೆ ಅಂಗಡಿಯ ಮುಂದೆ ಬಂದು ನಿಲ್ಲುತ್ತಿದ್ದರು. ಹೂ ಮಾರುವವರು ತಮ್ಮ ದುಡಿಮೆಯನ್ನು ಅವರ ಕೈಗೆ ಕೊಟ್ಟದ್ದು ಬ್ಯಾಂಕಿನ ಲೆಕ್ಕಪತ್ರ ಓದಿ ಅಲ್ಲ. ಅವರ ಮುಖ ಗೊತ್ತಿತ್ತು, ಮನೆ ಗೊತ್ತಿತ್ತು, ನಾಳೆಯೂ ಬರುತ್ತಾರೆ ಎಂಬುದು ಗೊತ್ತಿತ್ತು, ಕೊಟ್ಟ ಕೂಡಲೇ ಪುಸ್ತಕದಲ್ಲಿ ಗುರುತು ಬೀಳುತ್ತಿತ್ತು.

ಇಂದಿನ ‘ಡಿಜಿಟಲ್ ಅರೆಸ್ಟ್’ ವಂಚನೆ ಕದಿಯುವುದು ಈ ಅಭ್ಯಾಸವನ್ನೇ. ವಿಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರ ತೊಟ್ಟವರು, ಹಿಂದೆ ಠಾಣೆಯಂತೆ ಕಾಣುವ ಗೋಡೆ, ಕೈಯಲ್ಲಿ ನ್ಯಾಯಾಲಯದ ಹೆಸರಿನ ಕಾಗದ. ಹೊಣೆಗಾರಿಕೆಯ ಎಲ್ಲ ಹೊರಗುರುತುಗಳೂ ಇರುತ್ತವೆ, ಹೊಣೆ ಮಾತ್ರ ಇರುವುದಿಲ್ಲ. ವಿಡಿಯೊ ಕರೆಯಲ್ಲಿ ಬಂಧಿಸುವ ಯಾವ ಕಾನೂನೂ ನಮ್ಮ ದೇಶದಲ್ಲಿಲ್ಲ. ಆದರೂ ಓದಿದ, ನಿವೃತ್ತರಾದ, ಕಾನೂನಿಗೆ ತಲೆಬಾಗಿ ಬದುಕಿದ ಹಿರಿಯರೇ ಇದರಲ್ಲಿ ಸಿಕ್ಕಿಬೀಳುತ್ತಾರೆ. ಕರೆಯನ್ನು ಕತ್ತರಿಸದಂತೆ, ಯಾರಿಗೂ ಹೇಳದಂತೆ ವಂಚಕರು ತಾಕೀತು ಮಾಡುವುದು ಪರೀಕ್ಷಿಸುವ ದಾರಿಯನ್ನು ಮುಚ್ಚಲಿಕ್ಕೆ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅದು ಮುಂದಿನ ಖಾತೆಗಳಿಗೆ ಹರಿಯುವ ಮೊದಲೇ ತಡೆಯುವ ಅವಕಾಶವಿರುತ್ತದೆ. ಆದರೆ ಮೋಸ ಹೋದೆ ಎಂಬ ನಾಚಿಕೆಯಲ್ಲಿ ಹಲವರು ಅದೇ ಅಮೂಲ್ಯ ಗಂಟೆಗಳನ್ನು ಕಳೆದುಕೊಳ್ಳುತ್ತಾರೆ. ಇಂಥವರನ್ನು ದಡ್ಡರೆನ್ನುವ ಮಾತು ನನಗೆ ತೀರ ನೋವು ಕೊಡುತ್ತದೆ. ಆ ಮಾತೇ ಮುಂದಿನವರ ಬಾಯಿ ಕಟ್ಟುತ್ತದೆ.

ಇನ್ನು ಕೃತಕ ಬುದ್ಧಿಮತ್ತೆ. ‘ಎಐಯನ್ನು ನಂಬುತ್ತೀರಾ?’ ಎಂಬ ಪ್ರಶ್ನೆಯೇ ಸರಿಯಿಲ್ಲ, ಏಕೆಂದರೆ ಆ ಒಂದು ಹೆಸರಿನ ಕೆಳಗೆ ಪರಸ್ಪರ ಹೋಲದ ಹಲವು ಕೆಲಸಗಳಿವೆ. ಕಂಪ್ಯೂಟರಿನ ಲೆಕ್ಕವನ್ನು ನಮ್ಮ ಜನ ನಂಬುವುದೇ ಇಲ್ಲ ಎನ್ನುವವರು ಮಲ್ಪೆಯ ಬಂದರಿಗೆ ಹೋಗಿ ಕೇಳಬೇಕು. ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯು ಉಪಗ್ರಹದಿಂದ ಸಮುದ್ರದ ಮೇಲ್ಮೈಯ ಬಿಸಿಯನ್ನೂ ನೀರಿನಲ್ಲಿರುವ ಪತ್ರಹರಿತ್ತನ್ನೂ ಅಳೆದು, ಮೀನು ಸೇರಬಹುದಾದ ಜಾಗಗಳ ಮಾಹಿತಿಯನ್ನು ಮೀನುಗಾರರಿಗೆ ಕೊಡುತ್ತದೆ. ಇದು ಚಾಟ್‌ಜಿಪಿಟಿಯ ಜಾತಿಯದ್ದಲ್ಲ. ಆದರೆ ಕಣ್ಣಿಗೆ ಕಾಣದ ಲೆಕ್ಕವೊಂದನ್ನು ನಂಬಿ ಡೀಸೆಲ್ ಸುಡಬೇಕೇ ಎಂಬ ಪ್ರಶ್ನೆ ಇಲ್ಲಿಯೂ ಇದೆ, ಮತ್ತು ಅದಕ್ಕೆ ಉತ್ತರ ಬಲೆ ಎಳೆದಾಗ ಸಿಗುತ್ತದೆ. ಬಂಗುಡೆ ಬಿದ್ದರೆ ಲೆಕ್ಕ ಸರಿ, ಬೀಳದಿದ್ದರೆ ತಪ್ಪು. ದೋಣಿ ನಡೆಸುವ ತಾಂಡೇಲ ಆ ಮಾಹಿತಿಯನ್ನು ಪೂರ್ತಿ ನಂಬುವುದೂ ಇಲ್ಲ, ತಳ್ಳಿಹಾಕುವುದೂ ಇಲ್ಲ. ತನ್ನ ಅನುಭವದ ಪಕ್ಕದಲ್ಲಿ ಇಟ್ಟು ತೂಗುತ್ತಾನೆ. ತಂತ್ರಜ್ಞಾನದ ಬಗ್ಗೆ ಇದಕ್ಕಿಂತ ಪ್ರಬುದ್ಧ ಮನೋಭಾವ ನನಗೆ ಗೊತ್ತಿಲ್ಲ.

ಮಾತಾಡುವ ಎಐ ಈ ಪರೀಕ್ಷೆಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಅಪಾರ ಪ್ರಮಾಣದ ಬರಹವನ್ನು ಓದಿಸಿ, ಇಷ್ಟು ಪದಗಳ ಬಳಿಕ ಯಾವ ಪದದ ತುಣುಕು ಬರುವ ಸಂಭವ ಹೆಚ್ಚು ಎಂದು ಊಹಿಸಲು ಅದನ್ನು ಪಳಗಿಸಿರುತ್ತಾರೆ. ಗೊತ್ತಿರುವುದನ್ನು ಹೇಳುವಾಗಲೂ ಗೊತ್ತಿಲ್ಲದ್ದನ್ನು ಹೇಳುವಾಗಲೂ ಅದು ಮಾಡುವ ಕೆಲಸ ಒಂದೇ ಆದ್ದರಿಂದ ಎರಡರ ಧಾಟಿಯೂ ಒಂದೇ. ಮನುಷ್ಯ ಗೊತ್ತಿಲ್ಲದ್ದನ್ನು ಹೇಳುವಾಗ ಸ್ವರ ತಗ್ಗುತ್ತದೆ, ಕಣ್ಣು ತಪ್ಪುತ್ತದೆ. ನಾವು ಸುಳ್ಳನ್ನು ಗುರುತಿಸಲು ಕಲಿತದ್ದು ಆ ಗುರುತುಗಳಿಂದ.

ಆಟಿ ಅಮಾವಾಸ್ಯೆಯ ಹಿಂದಿನ ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಅಮಾವಾಸ್ಯೆಯ ದಿನ ಬೆಳಗಾಗುವ ಮೊದಲು ಹಾಲೆ ಮರದ, ಅಂದರೆ ತುಳುವಿನ ಪಾಲೆಯ, ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ಕಷಾಯ ಮಾಡಿ ಕುಡಿಯುವುದು ತುಳುನಾಡಿನ ಪದ್ಧತಿ. ಹಾಲೆಯೆಂದು ಭ್ರಮಿಸಿ ಕಾಸರಕದ ತೊಗಟೆ ತಂದರೆ ಅದು ವಿಷ. ಅದರಲ್ಲಿರುವ ಸ್ಟ್ರಿಕ್‌ನೀನ್ ಪ್ರಾಣಕ್ಕೇ ಎರವಾಗಬಲ್ಲದು. ಬೆಂಗಳೂರಿನಿಂದ ಬಂದಿದ್ದ ನನ್ನ ಅಕ್ಕನ ಮಗ ಗುಡ್ಡೆಯ ಬದಿಯ ಮರವೊಂದರ ಫೋಟೊ ತೆಗೆದು ಒಂದು ಎಐ ಸೇವೆಗೆ ತೋರಿಸಿದ. ಅದು ಹಾಲೆ ಎಂದಿತು. ಸಪ್ತಪರ್ಣಿ ಎಂಬ ಸಂಸ್ಕೃತ ಹೆಸರು, ಸಸ್ಯಶಾಸ್ತ್ರದ ಹೆಸರು, ಔಷಧೀಯ ಗುಣ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆಯಿತು. ಹಾಲೆಯ ಬಗ್ಗೆ ಅದು ಬರೆದದ್ದರಲ್ಲಿ ತಪ್ಪಿರಲಿಲ್ಲ. ನೆರೆಮನೆಯ ಅಜ್ಜ ಫೋನನ್ನು ನೋಡಲಿಲ್ಲ. ಕೈಗೆಟುಕಿದ ಒಂದು ಎಲೆಯ ತೊಟ್ಟನ್ನು ಉಗುರಿನಿಂದ ಮುರಿದು ಹುಡುಗನ ಮುಂದೆ ಹಿಡಿದರು. ಹಾಲು ಬರಲಿಲ್ಲ. ‘ಹಾಲಿಲ್ಲದ್ದು ಹಾಲೆ ಹೇಗೆ ಆಗ್ತದೆ ಮಗಾ?’ ಎಂದು ಕೇಳಿ, ಆಚೆ ತೋಟದ ಅಂಚಿನಲ್ಲಿದ್ದ ಮರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಗೆಲ್ಲಿನ ಸುತ್ತ ಏಳು ಎಲೆ ಚಕ್ರದಂತೆ ಹರಡಿತ್ತು, ತೊಟ್ಟು ಮುರಿದ ಕಡೆ ಬಿಳಿಯ ಹನಿ ಕಟ್ಟಿತು.

ಹುಡುಗ ಆ ಬಳಿಕ ಎಐ ಬಿಟ್ಟನೆಂದಲ್ಲ. ಕಾಲೇಜಿನ ಅರ್ಜಿ ಬರೆಯಲು ಇಂದಿಗೂ ಬಳಸುತ್ತಾನೆ, ಬಳಸಲಿ. ಅರ್ಜಿಯನ್ನು ಅವನೇ ಓದಿ ತಿದ್ದಬಲ್ಲ. ಮರವನ್ನು ಗುರುತಿಸುವ ವಿದ್ಯೆ ಅವನ ಬಳಿ ಇರಲಿಲ್ಲ.

ಭಾಷೆಯ ವಿಷಯಕ್ಕೆ ಬಂದಾಗ ಈ ಅಂತರ ಹೆಚ್ಚುತ್ತದೆ. 2011ರ ಜನಗಣತಿಯಂತೆ ತುಳು ಮಾತಾಡುವವರು 18.46 ಲಕ್ಷ. ಆದರೆ ತುಳು ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿಲ್ಲ; ಭಾರತೀಯ ಭಾಷೆಗಳ ಯಂತ್ರಾನುವಾದಕ್ಕಾಗಿ ಇರುವ ಭಾಷಿಣಿಯಂತಹ ಸರ್ಕಾರಿ ಯೋಜನೆಗಳು ಮೊದಲು ಕೈಗೆತ್ತಿಕೊಂಡದ್ದು ಅಲ್ಲಿರುವ 22 ಭಾಷೆಗಳನ್ನು. ತುಳುವರು ಬರೆಯುವಾಗ ಹೆಚ್ಚಾಗಿ ಕನ್ನಡ ಲಿಪಿಯನ್ನೇ ಬಳಸುವುದರಿಂದ, ಅಂತರ್ಜಾಲದಲ್ಲಿರುವ ಅಷ್ಟಿಷ್ಟು ತುಳುವೂ ಕನ್ನಡದ ರಾಶಿಯಲ್ಲಿ ಬೆರೆತುಹೋಗುವ ಅಪಾಯವಿದೆ. ಗೂಗಲ್ ಅನುವಾದದಲ್ಲಿ ಕೊಂಕಣಿ 2022ರಲ್ಲಿ, ತುಳು 2024ರ ಜೂನ್‌ನಲ್ಲಿ ಸೇರಿದವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತುಳು-ತಿಗಳಾರಿ ಲಿಪಿಗೆ, ಕಂಪ್ಯೂಟರುಗಳು ಬಳಸುವ ಅಕ್ಷರಗಳ ಜಾಗತಿಕ ಪಟ್ಟಿಯಾದ ಯೂನಿಕೋಡ್‌ನಲ್ಲಿ ಸ್ಥಾನ ಸಿಕ್ಕಿತು. ಆ ಸುದ್ದಿ ಬಂದಾಗ ಇಲ್ಲಿ ಕಂಡ ಸಂತೋಷವನ್ನು ನಾನು ಮರೆಯಲಾರೆ. ಎಐ ಕೆಲಸ ಕಸಿಯುತ್ತದೆ ಎಂದು ಭಯಪಡುವ ಜನರೇ, ಅದಕ್ಕೆ ತಮ್ಮ ತಾಯಿಯ ಮಾತು ಬರಬೇಕೆಂದು ಆಸೆಪಡುತ್ತಾರೆ. ಇದರಲ್ಲಿ ವಿರೋಧವಿಲ್ಲ. ತಮ್ಮ ಭಾಷೆಯಲ್ಲಿ ಅದು ತಪ್ಪಿದರೆ ಹಿಡಿಯಬಲ್ಲವರು ತಾವೇ ಎಂಬುದು ಅವರಿಗೆ ಗೊತ್ತು.

ದೈವದ ಕೋಲದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಯಕ್ಷಗಾನದ ಪ್ರಸಂಗಗಳನ್ನು ಯೂಟ್ಯೂಬ್‌ನಲ್ಲಿ ಬೆಳಗಿನವರೆಗೆ ನೋಡುವ, ದುಬೈಯಲ್ಲಿರುವ ಮಗನಿಗೆ ಕೊಂಡಿ ಕಳಿಸುವ ಕುಟುಂಬವೇ ತಮ್ಮ ಮನೆಯ ಕೋಲದಲ್ಲಿ ಮೊಬೈಲ್ ಎತ್ತಬೇಡಿ ಎಂದು ಕೈಮುಗಿಯುತ್ತದೆ. ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ಯಕ್ಷಗಾನ, ಹರಕೆಯ ಆಟವಾದರೂ, ನೋಡುವವರಿಗಾಗಿ ಆಡುವಂಥದ್ದು. ಕೋಲ ಒಂದು ದೈವಕ್ಕೂ ಅದನ್ನು ನಂಬಿದ ಕುಟುಂಬಕ್ಕೂ ಊರಿಗೂ ನಡುವಿನ ಮಾತುಕತೆ. ಅದರ ಇಪ್ಪತ್ತು ಸೆಕೆಂಡನ್ನು ಕತ್ತರಿಸಿ, ಸಂಗೀತ ಸೇರಿಸಿ ರೀಲ್ಸ್ ಮಾಡಿದಾಗ, ಆಡಿದ ನುಡಿ ಅದನ್ನು ಕೇಳಬೇಕಾದವರನ್ನು ಬಿಟ್ಟು ಎಲ್ಲರಿಗೂ ತಲುಪುತ್ತದೆ. ಈ ಆಕ್ಷೇಪವನ್ನು ಹಳೆಯ ಕಾಲದವರ ತಂತ್ರಜ್ಞಾನ ವಿರೋಧ ಎಂದು ಕರೆಯುವುದು ಅನ್ಯಾಯ. ಯಾವುದು ಎಲ್ಲಿಯವರೆಗೆ ಹೋಗಬೇಕೆಂದು ಹೇಳುವ ಹಕ್ಕು ತಮ್ಮದು ಎಂದು ಅವರು ಕೇಳುತ್ತಿದ್ದಾರೆ.

ಕಾನೂನು ಇಲ್ಲಿ ಅಷ್ಟು ನೆರವಾಗದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆನ್ನುವುದು ಅದರ ಒಳ್ಳೆಯ ಅಂಶ. ಆದರೆ ವ್ಯಕ್ತಿ ತಾನೇ ಸಾರ್ವಜನಿಕವಾಗಿ ಹಾಕಿದ ಮಾಹಿತಿ ಆ ಕಾಯ್ದೆಯ ವ್ಯಾಪ್ತಿಯಿಂದ ಹೊರಗಿದೆ. ನಾಮಕರಣದ ಫೋಟೊಗಳನ್ನು ಎಲ್ಲರಿಗೂ ಕಾಣುವಂತೆ ಹಾಕುವ ಎಷ್ಟು ಜನರಿಗೆ ಇದು ಗೊತ್ತಿದೆ? ಇಂಟರ್‌ನೆಟ್ ಇಲ್ಲದ ಸ್ಥಿತಿಯನ್ನೂ ಮಂಗಳೂರು ಕಂಡಿದೆ. ಪೌರತ್ವ ತಿದ್ದುಪಡಿ ಕಾಯ್ದೆ ವಿರೋಧಿ ಪ್ರತಿಭಟನೆಯ ವೇಳೆ ನಡೆದ 2019ರ ಡಿಸೆಂಬರ್ 19ರ ಘಟನೆಗಳ ಬಳಿಕ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್‌ನೆಟ್ ನಿಲ್ಲಿಸಲಾಗಿತ್ತು. ವದಂತಿ ತಡೆಯಲು ಮಾಡಿದ ಕ್ರಮ ನಿಜ ಸುದ್ದಿಯನ್ನೂ ತಡೆಯುತ್ತದೆ. ಮುಂದಿನ ತಿಂಗಳು, 2020ರ ಜನವರಿ 10ರಂದು, ಕಾಶ್ಮೀರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು, ಅನಿರ್ದಿಷ್ಟ ಕಾಲ ಇಂಟರ್‌ನೆಟ್ ನಿಲ್ಲಿಸುವಂತಿಲ್ಲ ಎಂದಿತು. ಅಲ್ಲಿಯೂ ಪ್ರಶ್ನೆ ಹೊಣೆಯದ್ದೇ: ನಿಲ್ಲಿಸಿದವರು ಯಾರು, ಕಾರಣವೇನು ಎಂಬುದು ಕಾಗದದ ಮೇಲೆ ಕಾಣಬೇಕು.

ಆ ಜುಲೈ ರಾತ್ರಿ ನಮ್ಮ ಗ್ರೂಪಿನಲ್ಲಿ ಹತ್ತೂವರೆಗೆ ತರಗತಿಯ ಟೀಚರ್ ಧ್ವನಿ ಸಂದೇಶ ಕಳಿಸಿದರು: ‘ನಾಳೆ ಶಾಲೆ ಉಂಟು. ಮಕ್ಕಳಿಗೆ ಕೊಡೆ ಕೊಟ್ಟು ಕಳಿಸಿ.’ ಆದೇಶ ಹಾಕಿದವರು ಅದನ್ನು ಅಳಿಸಿ, ನೋಡದೆ ಹಾಕಿದ್ದಕ್ಕೆ ಕ್ಷಮೆ ಕೇಳಿದರು. ರಜೆಯ ವಿಷಯ ಇನ್ನು ಮುಂದೆ ಟೀಚರ ಧ್ವನಿಯಲ್ಲೇ ಬರಲಿ ಎಂದು ಎಲ್ಲರೂ ಒಪ್ಪಿದರು. ಬಳಿಕ ಒಬ್ಬ ತಂದೆ, ಕೆಲವೇ ಸೆಕೆಂಡಿನ ಮಾದರಿಯಿಂದ ಯಾರ ಧ್ವನಿಯನ್ನಾದರೂ ಎಐ ನಕಲು ಮಾಡಬಲ್ಲದು ಎಂದು ನೆನಪಿಸಿದರು. ಆದ್ದರಿಂದ ಈಗ ಮಳೆ ಜೋರಾದ ರಾತ್ರಿಗಳಲ್ಲಿ, ಟೀಚರ ಸಂದೇಶ ಬಂದರೂ, ಇಬ್ಬರು ತಾಯಂದಿರು ತಮ್ಮಲ್ಲಿರುವ ಹಳೆಯ ನಂಬರಿಗೆ ತಾವೇ ಕರೆ ಮಾಡಿ ಮಾತಾಡುತ್ತಾರೆ. ಮಾತಾಡಿದ ಮೇಲೆ ಗ್ರೂಪಿನಲ್ಲಿ ‘ಕೇಳಿದ್ದೇವೆ, ಹೌದು’ ಎಂದು ತಮ್ಮ ಹೆಸರು ಸೇರಿಸಿ ಬರೆಯುತ್ತಾರೆ.